ಕೆಂಪು ಹಡಗಿನ ಆಟದ ಕೋಣೆ

ಆ ದಿನ ಬೆಳಿಗ್ಗೆ ಮಂಜು ನೆಲ ಬಿಟ್ಟು ಏಳಲೇ ಇಲ್ಲ. ಒಂಬತ್ತೂವರೆಯಾದರೂ ಬೀದಿದೀಪಗಳು ಉರಿಯುತ್ತಿದ್ದವು. ಪ್ರವಾಸ ಕಚೇರಿಯ ಗಾಜಿನ ಬಾಗಿಲ ಮೇಲೆ ಒಳಗಿನವರ ಉಸಿರು ಹನಿಗಟ್ಟಿ ಇಳಿಯುತ್ತಿತ್ತು. ದೇವರು ಊರಿಗೆ ಒದ್ದೆ ಕಂಬಳಿ ಹೊದಿಸಿ ಮರೆತುಬಿಟ್ಟ ಹಾಗಿತ್ತು.

ಒಳಗೆ ಟಿಕೆಟ್ ಅಕ್ಕ ಮೇಜಿನ ಡ್ರಾಯರಿನ ಬೀಗ ತೆಗೆದರು. ಹನ್ನೊಂದು ವರ್ಷದಿಂದ ಅದೇ ಮೇಜು. ಗಿರಾಕಿಗಳೆಲ್ಲ ಅವರನ್ನು ಕರೆಯುತ್ತಿದ್ದುದು ಟಿಕೆಟ್ ಅಕ್ಕ ಎಂದೇ. ಎದುರಿಗೆ ಗಣಿತದ ಮೇಷ್ಟ್ರು, ಅವರ ಹೆಂಡತಿ ನರ್ಸಮ್ಮ, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಮನೆಯಲ್ಲಿ ಉಳಿದಿದ್ದ ಮೇಷ್ಟ್ರ ತಂದೆಯನ್ನೂ ಸೇರಿಸಿ ಐವರೂ ಚಳಿಗಾಲದ ರಜೆಗೆ ಹಿಮದ ಕಡಲಿಗೆ ಹಡಗಿನಲ್ಲಿ ಹೋಗುವುದು ಅವರ ಮೂರು ವರ್ಷದ ಕನಸು. ಬಿಳಿ ಹಡಗೋ, ನೀಲಿ ಹಡಗೋ, ಕೆಂಪು ಹಡಗೋ ಎಂದು ಒಂದು ತಿಂಗಳು ಜಗ್ಗಾಡಿ ಕೊನೆಗೆ ಕೆಂಪನ್ನು ಆರಿಸಿದ್ದರು. ಅದರಲ್ಲಿ ಬಿಸಿನೀರಿನ ಒಳಕೊಳವಿತ್ತು. ಮಕ್ಕಳಿಗೆ ದೊಡ್ಡ ಆಟದ ಕೋಣೆಯಿತ್ತು.

ಕಚೇರಿಯಲ್ಲಿ ಒಂದು ಪದ್ಧತಿ. ಗಿರಾಕಿ ವೀಸಾಕ್ಕೆಂದು ತಂದ ಪಾಸ್‌ಪೋರ್ಟುಗಳನ್ನು ಅವರೆದುರೇ ಎಣಿಸಬೇಕು. ಕವರಿಗೆ ಹಾಕಿ ಟಿಕೆಟ್ ಅಕ್ಕನೇ ಅಂಟಿಸಬೇಕು. ಅಂಟಿಸಿದ ಜಾಗದ ಮೇಲೆ ಗಿರಾಕಿ ರುಜು ಹಾಕಬೇಕು. ಹಿಂದಿನ ಸಂಜೆ ಕೊಟ್ಟ ಕವರು ಈಗ ಹೊರಬಂತು. ರುಜು ಹಾಗೇ ಇತ್ತು. ಎಲ್ಲೂ ಹರಿದಿರಲಿಲ್ಲ. ಕೈಯಿಂದ ಬಿಡಿಸಲು ಹೋದರೆ ಬರಲಿಲ್ಲ. ಟಿಕೆಟ್ ಅಕ್ಕ ಕತ್ತರಿಯಿಂದ ಮೇಲಂಚು ಕತ್ತರಿಸಿ ಮೇಜಿನ ಮೇಲೆ ಕೊಡವಿದರು.

ಐದು ರಟ್ಟಿನ ತುಂಡುಗಳು ಬಿದ್ದವು. ಒಂದೊಂದೂ ಪಾಸ್‌ಪೋರ್ಟಿನ ಅಳತೆಗೆ ಸರಿಯಾಗಿತ್ತು.

ಹುಡುಗಿ ಬಗ್ಗಿ ಕವರಿನೊಳಗೆ ಕಣ್ಣಿಟ್ಟು ನೋಡಿದಳು, ಇನ್ನೂ ಏನಾದರೂ ಉಳಿದಿದೆಯೇನೋ ಎಂಬಂತೆ.

* * *

ಇನ್‌ಸ್ಪೆಕ್ಟರ್ ಮೇಡಂ ಹತ್ತೂವರೆಗೆ ಬಂದರು. ಠಾಣೆಯಲ್ಲಿ ಅವರಿಗೆ ಮೆತ್ತನೆ ಮೇಡಂ ಎಂದು ಹೆಸರು. ದನಿ ಏರಿಸಿದ್ದನ್ನು ಕೇಳಿದವರಿಲ್ಲ. ಆದರೆ ಅವರು ಮೆಲ್ಲಗೆ ಕೇಳಿದ ಪ್ರಶ್ನೆಗೆ ಸುಳ್ಳು ಹೇಳಿ ನೆಮ್ಮದಿಯಾಗಿ ನಿದ್ದೆ ಮಾಡಿದವರೂ ಇಲ್ಲ.

ಕಚೇರಿಯ ಯಜಮಾನರು ಅಷ್ಟರಲ್ಲಿ ಡ್ರಾಯರಿನ ಕೀಲಿಯನ್ನು ಟಿಕೆಟ್ ಅಕ್ಕನ ಕೈಯಿಂದ ಕಿತ್ತುಕೊಂಡಾಗಿತ್ತು, ಗಿರಾಕಿಗಳ ಎದುರಿಗೇ. ಇರುವುದು ಒಂದೇ ಕೀಲಿ, ಅದು ಇರುತ್ತಿದ್ದುದು ಅವಳ ಬಳಿ, ಇನ್ನೇನು ಬೇಕು ಎಂದು ಅವರ ವಾದ. ನಾಲ್ಕು ಗಂಟೆಯೊಳಗೆ ಪಾಸ್‌ಪೋರ್ಟ್ ಸಿಗದಿದ್ದರೆ ಅವಳ ಹೆಸರಿನ ಮೇಲೆಯೇ ದೂರು ಕೊಡುವುದಾಗಿ ಹೇಳಿದರು.

ಟಿಕೆಟ್ ಅಕ್ಕ ಗೋಡೆಗೆ ಒರಗಿ ನಿಂತಿದ್ದರು. ಈ ಕಸುಬಿನಲ್ಲಿ ಒಮ್ಮೆ ಪೊಲೀಸ್ ಪುಸ್ತಕದಲ್ಲಿ ಹೆಸರು ಬಿದ್ದರೆ ಮುಗಿಯಿತು. ಮತ್ತೆ ಯಾವ ಕಚೇರಿಯೂ ಪಾಸ್‌ಪೋರ್ಟ್ ಮುಟ್ಟಲು ಬಿಡುವುದಿಲ್ಲ. ಹನ್ನೊಂದು ವರ್ಷದ ನಂಬಿಕೆ ಈಗ ಐದೂವರೆ ಗಂಟೆಯ ಗಡುವಿನ ಅಂಚಿಗೆ ಬಂದು ನಿಂತಿತ್ತು.

"ನಾಲ್ಕೇ ಯಾಕೆ?" ಮೇಡಂ ಕೇಳಿದರು.

ಯಜಮಾನರು ವಿವರಿಸಿದರು. ಕೆಂಪು ಹಡಗಿನಲ್ಲಿ ಇವರಿಗೆ ಹಿಡಿದಿಟ್ಟ ಕ್ಯಾಬಿನ್ನುಗಳು ನಾಲ್ಕು ಗಂಟೆಯವರೆಗೆ ಮಾತ್ರ. ಅಷ್ಟರೊಳಗೆ ಖಾತ್ರಿ ಮಾಡದಿದ್ದರೆ ಕೈತಪ್ಪಿ ಹೋಗುತ್ತವೆ; ಆ ಕೆಲಸಕ್ಕೆ ಕೂರುವ ಮೊದಲು ಈ ರಗಳೆ ಮುಗಿಯಬೇಕು.

"ಪಾಸ್‌ಪೋರ್ಟೇ ಇಲ್ಲದೆ ಖಾತ್ರಿ ಮಾಡೋದು ಹೇಗೆ?" ಮೇಷ್ಟ್ರು ಕೇಳಿದರು.

"ಅಯ್ಯೋ ಮೇಷ್ಟ್ರೇ, ಖಾತ್ರಿಗೆ ಪಾಸ್‌ಪೋರ್ಟ್ ಯಾಕೆ? ಹೆಸರು, ಹುಟ್ಟಿದ ತಾರೀಕು ಸಾಕು. ಪಾಸ್‌ಪೋರ್ಟ್ ನಂಬರು ಹೊರಡೋಕೆ ಒಂದು ತಿಂಗಳು ಮುಂಚೆ ಕೊಟ್ಟರಾಯ್ತು. ಇಲ್ಲಿ ಕಸ ಗುಡಿಸೋಳಿಗೂ ಇದು ಗೊತ್ತು."

ಮೇಡಂ ಯಜಮಾನರ ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ಆದರೂ ಪಾಸ್‌ಪೋರ್ಟ್ ಸಿಗುವ ತನಕ ದುಡ್ಡು ಕಟ್ಟುವುದಿಲ್ಲ ಎಂದರು ನರ್ಸಮ್ಮ.

* * *

ಮೊದಲ ಅನುಮಾನ ಯಜಮಾನರ ಮೇಲೆಯೇ ಬಿತ್ತು. ಅವರ ಕೋಣೆಯ ಗೋಡೆಯ ಮೇಲೆ ಬಿಳಿ ಹಡಗಿನ ದೊಡ್ಡ ಚಿತ್ರ. ಈ ತಿಂಗಳೊಳಗೆ ಬಿಳಿ ಹಡಗಿನ ನಲವತ್ತು ಕ್ಯಾಬಿನ್ ತುಂಬಿಸಿದರೆ ಅವರ ಮನೆಮಂದಿಗೆಲ್ಲ ಪ್ರಯಾಣ ಪುಕ್ಕಟೆ. ಮೂವತ್ತೆಂಟು ತುಂಬಿದ್ದವು. ಮೇಷ್ಟ್ರ ಕುಟುಂಬಕ್ಕೆ ಬೇಕಿದ್ದುದು ಎರಡು. ಬಿಳಿ ಹಡಗನ್ನೇ ತೆಗೆದುಕೊಳ್ಳಿ ಎಂದು ಯಜಮಾನರು ಮೂರು ಸಲ ಒತ್ತಾಯಿಸಿದ್ದರೆಂದು ನರ್ಸಮ್ಮ ಹೇಳಿದರು.

ಕೇಳಿದಾಗ ಯಜಮಾನರು ಬೆವರಿದರು. ಆ ಚಳಿಯಲ್ಲೂ ಬೆವರಿದರು. ಆದರೆ ಮೇಡಂ ಅವರನ್ನು ಬಿಟ್ಟು ಟಿಕೆಟ್ ಅಕ್ಕನ ಕಡೆ ತಿರುಗಿದರು.

"ನಿನ್ನೆ ಸಂಜೆ ಏನೇನು ಮಾಡಿದ್ರಿ, ಒಂದೂ ಬಿಡದೆ ಹೇಳಿ."

ನಿನ್ನೆ ಆ ಹೊತ್ತಿಗೆ ಮೇಷ್ಟ್ರು ಹೊರಗೆ ಫೋನಿನಲ್ಲಿದ್ದರು. ನರ್ಸಮ್ಮ ಮಕ್ಕಳ ಜೊತೆ ಕಿಟಕಿಯ ಬಳಿ ಇಟ್ಟ ಹಡಗಿನ ಮಾದರಿ ನೋಡುತ್ತಿದ್ದರು. ಮೇಜಿನ ಎದುರು ಕೂತಿದ್ದವರು ಮೇಷ್ಟ್ರ ತಂದೆ. ಐದು ಪಾಸ್‌ಪೋರ್ಟ್ ಎಣಿಸಿದೆ, ಕವರಿಗೆ ಹಾಕಿದೆ, ಅಂಟಿಸಿದೆ, ತಾತ ರುಜು ಹಾಕಿದರು, ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಟಿಕೆಟ್ ಅಕ್ಕ ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಮೇಡಂ ಮೇಜಿನ ಮೇಲಿದ್ದ ಅಂಟಿನ ಸೀಸೆಯನ್ನು ಎತ್ತಿ ತಲೆಕೆಳಗು ಮಾಡಿದರು. ಏನೂ ಜಾರಲಿಲ್ಲ. ಚಳಿಗೆ ಅಂಟು ಬೆಲ್ಲದ ಹಾಗೆ ಗಟ್ಟಿಯಾಗಿತ್ತು.

"ನಿನ್ನೆ ಸಂಜೆಯೂ ಇಷ್ಟೇ ಚಳಿ ಇತ್ತು," ಎಂದರು. "ಇದರಿಂದ ಹೇಗೆ ಅಂಟಿಸಿದ್ರಿ?"

ಯಜಮಾನರು ನೋಡಿದಿರಾ ಎಂಬಂತೆ ಮೇಡಂ ಕಡೆ ಕಣ್ಣರಳಿಸಿದರು.

"ಸುಳ್ಳು ಹೇಳಿದೆ ಮೇಡಂ. ಅಂಟಿಸಿದ್ದು ನಾನಲ್ಲ," ಎಂದರು ಟಿಕೆಟ್ ಅಕ್ಕ.

ಸೀಸೆಯನ್ನು ಬಿಸಿನೀರಿನಲ್ಲಿಡಲು ಹಿಂದಿನ ಕೋಣೆಗೆ ಹೋಗಿದ್ದರಂತೆ. ಎರಡು ನಿಮಿಷ. ವಾಪಸು ಬರುವಷ್ಟರಲ್ಲಿ ತಾತ ಕವರು ಮುಚ್ಚಿ, ರುಜು ಹಾಕಿ, ನಗುತ್ತ ಚಾಚಿದರು. ನಿಮಗೇಕೆ ತೊಂದರೆ ತಾಯಿ, ನಾನೇ ಅಂಟಿಸಿಬಿಟ್ಟೆ ಎಂದರು. ಪದ್ಧತಿ ತಪ್ಪಿತ್ತು. ಆದರೆ ಅಷ್ಟು ವಯಸ್ಸಾದವರು ಅಷ್ಟು ಮೆತ್ತಗೆ ಹೇಳಿದಾಗ ಯಾವ ಅಂಟು ಎಂದು ಕೇಳಲು, ಬಿಚ್ಚಿ ತೋರಿಸಿ ಎನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ಅದನ್ನು ಒಪ್ಪಿಕೊಳ್ಳಲು ಧೈರ್ಯ ಬರಲಿಲ್ಲ.

ಮೇಡಂ ಕತ್ತರಿಸಿದ ಕವರನ್ನು ಬೆಳಕಿಗೆ ಹಿಡಿದು, ಅಂಟಿದ ಅಂಚನ್ನು ಎರಡೂ ಕೈಯಿಂದ ಎಳೆದರು. ಕಾಗದ ಹರಿಯಿತು. ಅಂಟು ಹರಿಯಲಿಲ್ಲ. ರಬ್ಬರಿನ ಹಾಗೆ ಹಿಗ್ಗಿತು. ಇಟ್ಟಿಗೆಯ ಬಣ್ಣದ ಸಣ್ಣ ಎಳೆ.

* * *

ಮೇಷ್ಟ್ರ ಮನೆ ಮೂರನೇ ಮಹಡಿಯಲ್ಲಿತ್ತು. ಮೇಡಂ ಮೆಟ್ಟಿಲು ಹತ್ತುವಾಗ ಎರಡೂಕಾಲು. ಮಂಜು ಇನ್ನೂ ಕಿಟಕಿಗೆ ಆತುಕೊಂಡಿತ್ತು.

ತಾತ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು. ಮಂಡಿನೋವೆಂದು ಬೆಳಿಗ್ಗೆ ಕಚೇರಿಗೆ ಹೋಗಿರಲಿಲ್ಲ. ಮೂವತ್ತು ವರ್ಷ ಹಡಗುಗಳ ಯಂತ್ರದ ಕೋಣೆಯಲ್ಲಿ ದುಡಿದ ಜೀವ. ಎದ್ದು ಮೇಡಂಗೆ ಕುರ್ಚಿ ಹಾಕಿದರು. ಕುಡಿಯಲು ಬಿಸಿನೀರು ಬೇಕೇ ಎಂದು ಕೇಳಿ ನಲ್ಲಿ ತಿರುಗಿಸಿದರು.

ನಲ್ಲಿಯ ಕೊರಳಿಗೆ ಇಟ್ಟಿಗೆ ಬಣ್ಣದ ಅಂಟು ಮೆತ್ತಿತ್ತು.

ಮೇಡಂ ನೋಡುತ್ತಿದ್ದುದನ್ನು ಹುಡುಗಿ ನೋಡಿದಳು. "ಅದು ತಾತನ ಅಂಟು. ಇಂಜಿನ್ನಿಗೆ ಹಚ್ಚೋದು. ನನ್ನ ಬೊಂಬೆ ಕಾಲು ಮುರಿದಾಗಲೂ ಅದನ್ನೇ ಹಚ್ಚಿದ್ರು. ಬೊಂಬೆ ಹಾಳಾಗಬಹುದು, ಆ ಕಾಲು ಮಾತ್ರ ಬಿದ್ದುಹೋಗಲ್ಲ."

ತಾತ ನಕ್ಕರು. ನಗು ಕಣ್ಣಿನವರೆಗೆ ಏರಲಿಲ್ಲ.

ಮೇಜಿನ ಮೇಲೆ ಕೆಂಪು ಹಡಗಿನ ನಕ್ಷೆ ಹರಡಿತ್ತು. ಮಹಡಿ ಮಹಡಿಯಾಗಿ ಕೋಣೆಗಳು, ಮೆಟ್ಟಿಲುಗಳು. ಕೆಳಗಿನ ಮಹಡಿಯ ಒಂದು ಕೋಣೆಯ ಸುತ್ತ ಪೆನ್ಸಿಲಿನ ಗೆರೆ. ಒಂದಲ್ಲ, ಹತ್ತಾರು. ಸುತ್ತಿ ಸುತ್ತಿ ಕಾಗದ ಸವೆದು ತೂತಾಗಿತ್ತು. ಅದು ಮಕ್ಕಳ ಆಟದ ಕೋಣೆ.

ಮೇಡಂ ಬಿಸಿನೀರು ಕುಡಿದು ಲೋಟ ತೊಳೆದಿಟ್ಟರು. ನಾಲ್ಕು ಗಂಟೆಗೆ ಆ ಹೆಣ್ಣುಮಗಳ ಮೇಲೆ ದೂರು ದಾಖಲಾಗುತ್ತದೆ, ತಾವೂ ಬಂದರೆ ಒಳ್ಳೆಯದು ಎಂದಷ್ಟೇ ಹೇಳಿದರು.

"ಯಾವ ಹೆಣ್ಣುಮಗಳು?" ತಾತನ ಕೈ ನಲ್ಲಿಯ ಮೇಲೆ ನಿಂತಿತು.

* * *

ಮೂರೂ ಮುಕ್ಕಾಲಿಗೆ ಎಲ್ಲರೂ ಕಚೇರಿಯಲ್ಲಿದ್ದರು. ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಗೋಡೆಯ ಗಡಿಯಾರದ ಮುಳ್ಳು ಮುಂದಕ್ಕೆ ಹೋಗುವುದು ಕೇಳಿಸುತ್ತಿತ್ತು. ಯಜಮಾನರ ಕೈಯಲ್ಲಿ ದೂರಿನ ಕಾಗದ. ಅದರಲ್ಲಿ ಟಿಕೆಟ್ ಅಕ್ಕನ ಹೆಸರು ಆಗಲೇ ಬರೆದಾಗಿತ್ತು.

ಮೇಡಂ ನಿಂತುಕೊಂಡೇ ಮಾತಾಡಿದರು.

"ಕದ್ದವರಿಗೆ ಪಾಸ್‌ಪೋರ್ಟ್ ಬೇಕಿರಲಿಲ್ಲ. ನಾಲ್ಕು ಗಂಟೆ ದಾಟಬೇಕಿತ್ತು. ಕೆಂಪು ಹಡಗು ತಪ್ಪಬೇಕಿತ್ತು."

ಯಜಮಾನರು ಬಾಯಿ ತೆರೆದರು. ಮೇಡಂ ಅವರ ಕಡೆ ನೋಡದೆಯೇ ಮುಂದುವರಿಸಿದರು. ಕೆಂಪು ಹಡಗು ತಪ್ಪಿದರೆ ಲಾಭ ಯಜಮಾನರಿಗೆ, ನಿಜ. ಆದರೆ ಖಾತ್ರಿಗೆ ಪಾಸ್‌ಪೋರ್ಟ್ ಬೇಡ ಎಂಬುದು ಅವರಿಗೆ ಗೊತ್ತು. ಟಿಕೆಟ್ ಅಕ್ಕನಿಗೂ ಗೊತ್ತು. ಪಾಸ್‌ಪೋರ್ಟ್ ಕದ್ದರೆ ಕ್ಯಾಬಿನ್ ತಪ್ಪುತ್ತದೆ ಎಂದು ಲೆಕ್ಕ ಹಾಕಿದವರು ಈ ಕಸುಬಿನವರಲ್ಲ, ಹೊರಗಿನವರು. ಬೀಗ ಮುರಿದಿಲ್ಲ, ಅಂಟು ಬಿಚ್ಚಿಲ್ಲ, ರುಜು ಅಳಿಸಿಲ್ಲ. ಹಾಗಾದರೆ ಡ್ರಾಯರಿಗೆ ಹೋದದ್ದೇ ರಟ್ಟು ತುಂಬಿದ ಕವರು. ಈ ಕಚೇರಿಯ ಕವರು ಕಳೆದ ವಾರ ನಕ್ಷೆಗಳ ಜೊತೆ ಮೇಷ್ಟ್ರ ಮನೆಗೂ ಹೋಗಿತ್ತು. ಅಲ್ಲೇ ತುಂಬಿ, ಅಲ್ಲೇ ಅಂಟಿಸಿ, ಅಲ್ಲೇ ರುಜು ಹಾಕಿ ತಂದದ್ದು.

"ನಿನ್ನೆ ಸಂಜೆ ಇಲ್ಲಿನ ಅಂಟು ಸೀಸೆಯಿಂದ ಇಳೀತಿರಲಿಲ್ಲ. ಕವರು ಮಾತ್ರ ಕತ್ತರಿ ಕೇಳುವಷ್ಟು ಗಟ್ಟಿಯಾಗಿ ಅಂಟಿತ್ತು. ಆ ಅಂಟು ಯಾರ ಮನೆ ನಲ್ಲಿಯಲ್ಲಿದೆ ಅಂತ ನಾನು ಹೇಳಬೇಕಾ, ತಾತ?"

ಮೇಷ್ಟ್ರು ತಿರುಗಿ ತಂದೆಯನ್ನು ನೋಡಿದರು. ನರ್ಸಮ್ಮ "ಮಾವ" ಎಂದರು, ಅಷ್ಟೇ.

ತಾತ ಕೋಟಿನ ಒಳಜೇಬಿನಿಂದ ಕವರು ತೆಗೆದು ಮೇಜಿನ ಮೇಲಿಟ್ಟರು. ಐದೂ ಇದ್ದವು. ನಾಲ್ಕು ದಾಟಿದ ಮೇಲೆ ಎಲ್ಲೋ ಸಿಕ್ಕವೆಂದು ಹೇಳುವ ಯೋಚನೆ ಅವರದು. ಕವರು ಬದಲಿಸಲು ಅವಕಾಶ ಸಿಗದಿದ್ದರೆ ಸುಮ್ಮನೆ ಮರಳುತ್ತಿದ್ದರಂತೆ. ಟಿಕೆಟ್ ಅಕ್ಕ ಸೀಸೆ ಹಿಡಿದು ಎದ್ದದ್ದೇ ಅವಕಾಶವಾಯಿತು.

"ಅಪ್ಪ, ಯಾಕೆ?" ಮೇಷ್ಟ್ರು ಕೇಳಿದರು. "ಬೇಡ ಅಂತ ಒಂದು ಮಾತು ಹೇಳಬಹುದಿತ್ತಲ್ಲ."

"ಹೇಳಿದೆನಲ್ಲಪ್ಪ, ಆ ಹಡಗು ಬೇಡ ಅಂತ. ಕಾರಣ ಕೇಳಿದೆ ನೀನು. ಕಾರಣ ಹೇಳೋಕೆ ನನ್ನ ಬಾಯಿ ಏಳಲಿಲ್ಲ."

ಆಮೇಲೆ ಅವರು ಎಲ್ಲವನ್ನೂ ಹೇಳಿದರು. ಹಡಗಿನ ಬಣ್ಣ ಬದಲಾಗಿತ್ತು, ಹೆಸರೂ ಬದಲಾಗಿತ್ತು. ಮೆಟ್ಟಿಲು ಬದಲಾಗಿರಲಿಲ್ಲ. ನಕ್ಷೆ ಬಿಚ್ಚಿದ ದಿನವೇ ಗುರುತು ಹತ್ತಿತು. ಅದು ಅವರು ಕೊನೆಯದಾಗಿ ದುಡಿದ ಹಡಗು. ಈಗ ಆಟದ ಕೋಣೆಯಾಗಿರುವುದು ಆಗ ಉಗ್ರಾಣ. ಅದಕ್ಕೆ ಒಂದೇ ಬಾಗಿಲು. ಬೆಂಕಿ ಬಿದ್ದರೆ ತಾನಾಗಿ ಸರಿದು ಮುಚ್ಚುವ, ಒಳಗಿನವರು ಗುಂಡಿ ಒತ್ತಿದರೆ ತೆರೆಯುವ ಕಬ್ಬಿಣದ ಬಾಗಿಲು. ಬೆಚ್ಚನೆಯ ಕಡಲಲ್ಲಿ ಸರಿಯಾಗೇ ಇತ್ತು. ಚಳಿಯ ಕಡಲಿಗೆ ಹೋದರೆ ಅದರೊಳಗಿನ ಎಣ್ಣೆ ಗಟ್ಟಿಯಾಗುತ್ತಿತ್ತು. ಮುಚ್ಚಿದ ಬಾಗಿಲು ತೆರೆಯುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಒಂದು ದಿನ ಒಳಗೆ ಹೊಗೆ ತುಂಬಿತು. ಸಿಕ್ಕಿಕೊಂಡವನನ್ನು ಬಾಗಿಲು ಕೊರೆದು ಎಳೆದರು. ಬದುಕಿದ. ಅವನ ಶ್ವಾಸಕೋಶ ಮಾತ್ರ ಮತ್ತೆ ಸರಿಯಾಗಲಿಲ್ಲ.

"ಬಾಗಿಲು ಸರಿ ಇದೆ ಅಂತ ಬರೆದುಕೊಡು ಅಂದರು ಕಂಪನಿಯವರು. ಇಲ್ಲದಿದ್ದರೆ ಹಡಗು ನಿಲ್ಲುತ್ತೆ, ಇನ್ನೂರು ಜನ ಕೆಲಸ ಕಳಕೊಂಡು ಮನೆಗೆ ಹೋಗ್ತಾರೆ ಅಂದರು. ರುಜು ಹಾಕಿದೆ. ಆಮೇಲೆ ದೇವರ ಮುಂದೆ ನಿಂತಾಗೆಲ್ಲ ಮೊದಲು ನೆನಪಾಗೋದು ಆ ರುಜುವೇ."

ಅವರು ಕೈ ನೋಡಿಕೊಂಡರು.

"ಚಳಿಯ ಕಡಲಲ್ಲಿ ಮಕ್ಕಳು ಹೊರಗೆ ಬರಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಕೋಣೆ. ನನ್ನ ಮೊಮ್ಮಕ್ಕಳು, ಆ ಬಾಗಿಲ ಹಿಂದೆ. ಬಾಗಿಲು ಬದಲಾಯಿಸಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಬೇಕು ಅಂದರೆ ನನ್ನ ಸುಳ್ಳನ್ನ ಮೊದಲು ಬಿಚ್ಚಬೇಕಿತ್ತು."

ನಾಲ್ಕಕ್ಕೆ ಐದು ನಿಮಿಷ.

ಟಿಕೆಟ್ ಅಕ್ಕ ಯಾರ ಅಪ್ಪಣೆಗೂ ಕಾಯಲಿಲ್ಲ. ಫೋನೆತ್ತಿ ಕೆಂಪು ಹಡಗಿನ ಕಂಪನಿಗೆ ಕೇಳಿದರು. ಆಟದ ಕೋಣೆಗೆ ಎಷ್ಟು ಬಾಗಿಲು? ಒಂದು. ಹಳೆಯದೋ, ಹೊಸದೋ? ವಿಚಾರಿಸಿ ನಾಳೆ ಹೇಳುತ್ತೇವೆ ಎಂದರು. ನಾಳೆ ಬೇಡ ಎಂದು ಟಿಕೆಟ್ ಅಕ್ಕ ಫೋನಿಟ್ಟರು. ನೀಲಿ ಹಡಗಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ಅದರಲ್ಲಿ ಬಿಸಿನೀರಿನ ಕೊಳವಿಲ್ಲ. ಆಟದ ಕೋಣೆಯೂ ಚಿಕ್ಕದು. ಆದರೆ ಅದಕ್ಕೆ ಎರಡು ಬಾಗಿಲು, ಎರಡೂ ತೆರೆದ ಹಾದಿಗೆ.

ನರ್ಸಮ್ಮ ಬಗ್ಗಿ ಬಾಗಿಲುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ಹೂಂ ಎಂದು ತಲೆಯಾಡಿಸಿದರು. ಗಡಿಯಾರ ನಾಲ್ಕು ಹೊಡೆಯಿತು.

ಬಾಗಿಲಿನ ವಿಷಯ ಕಾಗದದಲ್ಲಿ ಬೇಕು, ಆ ಹಡಗಿಗೆ ಬೇರೆಯವರ ಮಕ್ಕಳೂ ಹತ್ತುತ್ತಾರೆ ಎಂದು ಮೇಡಂ ಹೇಳಿದರು. ತಾತ ಅಲ್ಲೇ ಕೂತು ಬರೆದರು. ಎರಡು ಪುಟ. ಕೊನೆಗೆ ರುಜು ಹಾಕಿದರು. ಬರೆದುಕೊಟ್ಟು ಎದ್ದು ಟಿಕೆಟ್ ಅಕ್ಕನ ಎದುರು ನಿಂತರು.

"ಪಾಸ್‌ಪೋರ್ಟ್ ಕಳೆದರೆ ಕಚೇರಿಗೆ ಬೈತಾರೆ ಅಂದ್ಕೊಂಡಿದ್ದೆ, ತಾಯಿ. ಕಚೇರಿ ಅಂದರೆ ಒಬ್ಬ ಹೆಣ್ಣುಮಗಳು ಅನ್ನೋದು ಹೊಳೀಲಿಲ್ಲ. ನಿಮ್ಮದು ಏನೂ ತಪ್ಪಿಲ್ಲ."

"ಇದೆ, ತಾತ. ಅಂಟಿಸಬೇಕಾದವಳು ನಾನು," ಎಂದರು ಟಿಕೆಟ್ ಅಕ್ಕ. "ಕೂತ್ಕೊಳ್ಳಿ. ನಿಮ್ಮ ಮಂಡಿ."

ಯಜಮಾನರು ದೂರಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹರಿದರು. ಜೇಬಿನಿಂದ ಕೀಲಿ ತೆಗೆದು, ಬೇರೆಲ್ಲೋ ನೋಡುತ್ತ, ಮೇಜಿನ ಅಂಚಿನಲ್ಲಿಟ್ಟರು. ಟಿಕೆಟ್ ಅಕ್ಕ ಅದನ್ನು ನೋಡಿದರು. ಮುಟ್ಟಲಿಲ್ಲ.

ಯಜಮಾನರು ಕೀಲಿಯನ್ನು ಎತ್ತಿಕೊಂಡು ಮೇಜು ಸುತ್ತಿ ಬಂದು, ಎಲ್ಲರೂ ನೋಡುತ್ತಿರುವಂತೆಯೇ, ಆಕೆಯ ಅಂಗೈಯಲ್ಲಿಟ್ಟರು.