ತೊಳೆದು ಕೊಟ್ಟ ಫ್ಲಾಸ್ಕ್

ಮೂರನೇ ಸಲವೂ ನನ್ನ ರಿಯಾಕ್ಷನ್ ಕೆಟ್ಟಿತು. ಜಪ್ಪಯ್ಯ ಅಂದರೂ ಮೆಗ್ನೀಸಿಯಂ ಚೂರುಗಳು ಈಥರ್‌ನಲ್ಲಿ ಅಲುಗಲಿಲ್ಲ. ಈ ಗ್ರಿನ್ಯಾರ್ ರಿಯಾಕ್ಷನ್ನೇ ಹಾಗೆ, ಒಂದು ಹನಿ ನೀರು ತಾಗಿದರೂ ಮುಗಿಯಿತು. ಇವತ್ತು ಆಗದಿದ್ದರೆ ನನ್ನ ಪ್ರಾಜೆಕ್ಟ್ ಬೇರೆಯವರಿಗೆ ಎಂದು ಗೈಡ್ ಪಂಚಾಕ್ಷರಪ್ಪ ಸರ್ ಹೇಳಿಯಾಗಿತ್ತು.

ಪಕ್ಕದ ಟೇಬಲ್ಲಿನಲ್ಲಿ ಹರಿಯಬ್ಬೆಯ ಕನಕರಾಜನದು ಮಾತ್ರ ಸೊಗಸಾಗಿ ಕುದಿಯುತ್ತಿತ್ತು. ಅದೇ ಬಾಟಲಿಯ ಈಥರ್, ಅದೇ ಮೆಗ್ನೀಸಿಯಂ! ನನಗೆ ಮೈಯೆಲ್ಲ ಉರಿಯಿತು. ಅದರ ಮೇಲೆ ಅವನ ಓರೆನೋಟ ಬೇರೆ.

"ಏನ್ ನೋಡ್ತೀಯ?"

"ಸಿಟ್ಟು ಬಂದ್ರೆ ನಿನ್ ಮೂಗು ಕೆಂಪಗಾಗ್ತೈತೆ, ಅನುಪಮಾ."

"ಮುಚ್ಕಂಡು ಇನ್ನೊಂದು ಫ್ಲಾಸ್ಕ್ ಕೊಡು!"

ಬೆಳಗ್ಗೆಯೇ ನಾನು ಓವನ್ನಿನಲ್ಲಿ ಒಣಗಿಸಿಟ್ಟಿದ್ದ ಫ್ಲಾಸ್ಕನ್ನು ತೆಗೆದುಕೊಂಡ. ಬರುವ ದಾರಿಯಲ್ಲಿ ಸಿಂಕಿನ ಮುಂದೆ ನಿಂತ. ನಲ್ಲಿ ತಿರುಗಿಸಿ ಒಂದು ಸುತ್ತು ಜಾಲಿಸಿದ, ಚೆಲ್ಲಿದ, ಬಟ್ಟೆಯಲ್ಲಿ ಒರೆಸುತ್ತಾ ನನ್ನ ಕಡೆ ಚಾಚಿದ.

"ಲೇ! ಏನ್ ಮಾಡಿದೆ ಈಗ?"

ಅವನು ಫ್ಲಾಸ್ಕ್ ನೋಡಿದ, ನಲ್ಲಿ ನೋಡಿದ. ಮುಖ ಬಿಳುಚಿಕೊಂಡಿತು. "ಅಯ್ಯೋ... ತೊಳ್ದುಬಿಟ್ನಾ?"

ಹಿಂದಿನ ಮೂರು ಸಲವೂ ಫ್ಲಾಸ್ಕ್ ತಂದುಕೊಟ್ಟವನು ಇವನೇ. ಆಗೆಲ್ಲ ನಾನು ಕತ್ತೆತ್ತಿ ನೋಡಿರಲಿಲ್ಲ.

"ಎಮ್ಮೆಸ್ಸಿ ಓದ್ತೀಯಲ್ಲೋ, ತಲೇಲಿ ಏನೈತೆ ನಿಂಗೆ? ಆ ಕಡೆ ಟೇಬಲ್ಲಿನ ಹೇಮಾವತಿಗೂ ನೀನೇ ಕೊಡ್ತೀಯ. ಅವಳದು ಸರಿಯಾಗೇ ಬರ್ತೈತೆ!"

"ಅವಳಿಗೆ ಕೊಡೋವಾಗ ಫ್ಲಾಸ್ಕು ಅಂತ ನೆನಪಿರ್ತೈತೆ. ನಮ್ಮವ್ವ ಮನೆಯೋರಿಗೆ ಲೋಟ ಜಾಲಿಸ್ದೆ ಕೊಡೋಕೆ ಬಿಡಲ್ಲ. ನಿಂಗೆ ಕೊಡೋವಾಗ..." ತಲೆ ತಗ್ಗಿಸಿದ. "ಮನೆಯೋಳಿಗೆ ಕೊಟ್ಟಂಗಾಗ್ತೈತೆ. ಕೈ ತಾನೇ ತೊಳೀತೈತೆ."

ಮನೆಯೋಳಂತೆ, ನಾನು! ಆದರೂ ಸಿಟ್ಟು ಇಳಿಯಲಿಲ್ಲ. ಇಷ್ಟು ದಿನ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಪ್ರಾಜೆಕ್ಟನ್ನು ನೀರುಪಾಲು ಮಾಡಿದ್ದಾನೆ, ಮಹಾರಾಯ! ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಅವನು ತನಗೆಂದು ಒಣಗಿಸಿಟ್ಟ ಫ್ಲಾಸ್ಕನ್ನು ತಂದ. ಈ ಸಲ ಸಿಂಕಿನ ಹತ್ತಿರವೂ ಸುಳಿಯದೆ, ಟೇಬಲ್ಲು ಸುತ್ತಿ ಬಂದ.

"ತೊಳೀದೆ ಕೊಡ್ತಿದೀನಿ. ಬೇಜಾರ್ ಮಾಡ್ಕಬ್ಯಾಡ."

ಹೊಸ ಮೆಗ್ನೀಸಿಯಂ ಮೇಲೆ ಉಳಿದಿದ್ದ ಈಥರನ್ನು ಸುರಿದು, ರಿಯಾಕ್ಷನ್ ಶುರುವಾಗಲೆಂದು ಅಯೋಡಿನ್ನಿನ ಒಂದು ಹರಳು ಹಾಕಿದೆ. ಸ್ವಲ್ಪ ಹೊತ್ತಿಗೆ ಅದರ ಕಂದು ಬಣ್ಣ ಮಾಸಿತು. ಈಥರ್ ಮಬ್ಬಾಗಿ, ಉರಿ ಇಲ್ಲದೆಯೇ ಕುದಿಯತೊಡಗಿತು. ನನ್ನ ಕಣ್ಣು ತುಂಬಿತು.

"ದೂರ ನಿಂತು ಅಳು," ಎಂದ. "ಅದೂ ನೀರೇ."

"ಬಾಯ್ ಮುಚ್ಚು. ಇನ್ನೊಂದ್ಸಲ ನನ್ ಫ್ಲಾಸ್ಕ್ ಮುಟ್ಟಿದ್ರೆ ಕೈ ಮುರೀತೀನಿ."

"ಆಯ್ತು."

"ಲೋಟ ಮಾತ್ರ ತೊಳ್ದೇ ಕೊಡು."

"ಯಾವ ಲೋಟ?"

"ನಿಮ್ಮನೇದು ಕಣೋ, ದಡ್ಡ!"