ಒಂದೇ ಸ್ವರದಲ್ಲಿ ಒಂದು ಟಿಕ್

ಬಾಗಿಲು ತೆರೆದರೆ ಎದುರಿಗೆ ಪಕ್ಕದ ಮನೆಯ ಗರೆನ್. ಸಿನಿಮಾದವರೇ ತುಂಬಿದ ಇಡೀ ಬರ್ಬ್ಯಾಂಕ್‌ನಲ್ಲಿ ಟೆಸ್ಸಾಗೆ ಮುಖ ನೋಡಲೂ ಇಷ್ಟವಿಲ್ಲದವನು ಇವನೊಬ್ಬನೇ. ಆದರೂ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ...

"ಮತ್ತೆ ಚೀಟಿ ತಂದ್ರಾ?"

ಹೋದ ವಾರ ಅವನು ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿದ್ದ: 'ದಯವಿಟ್ಟು ಆ ಚೆಲ್ಲೊ ವಾದ್ಯ ನಿಲ್ಲಿಸಿ.' ತನ್ನ ಮೊದಲ ಸಿನಿಮಾಕ್ಕೆ ತಾನು ಕಟ್ಟುತ್ತಿದ್ದ ರಾಗವನ್ನೇ ಜರೆದವನನ್ನು ಅವಳು ಹೇಗೆ ಕ್ಷಮಿಸಿಯಾಳು?

"ಇಲ್ಲ, ಸಹಾಯಕ್ಕೆ ಬಂದೆ. ಮೂರು ದಿನದಿಂದ ನಿಮ್ಮ ಕಂಪ್ಯೂಟರ್ ಸಂಗೀತದ ನಡುವೆ ಕಾಳು ಹುರಿದ ಹಾಗೆ ಚಟಪಟ ಅನ್ನೋದು ಗೋಡೆಯಾಚೆಗೂ ಕೇಳ್ತಿದೆ."

ಟೆಸ್ಸಾ ಸಿಟ್ಟು ನುಂಗಿಕೊಂಡಳು. ಐದು ಗಂಟೆಯೊಳಗೆ ಸಂಗೀತ ಕಳಿಸದಿದ್ದರೆ ಸಿನಿಮಾ ಬೇರೆಯವರ ಪಾಲು. ಆಗಲೇ ಎರಡು ಗಂಟೆ.

"ಬನ್ನಿ. ರಾಗದ ಬಗ್ಗೆ ಮಾತ್ರ ತುಟಿ ಬಿಚ್ಚಬೇಡಿ."

ಅವಳ ವಾದ್ಯವೃಂದವೆಲ್ಲ ಕಂಪ್ಯೂಟರಿನೊಳಗೇ ಇತ್ತು. ಯಾರೋ ನುಡಿಸಿ ರೆಕಾರ್ಡ್ ಮಾಡಿಟ್ಟ ಒಂದೊಂದೇ ಸ್ವರವನ್ನು ಕೊಂಡುತಂದು ರಾಗವಾಗಿ ಪೋಣಿಸುವುದು ಅವಳ ಕೆಲಸ.

"ಇಷ್ಟೂ ಸ್ವರಗಳನ್ನ ಈ ಹಳೇ ಹಾರ್ಡ್ ಡಿಸ್ಕ್‌ನಿಂದ ಎಳೀತಿದೀರಾ? ಪಾಪ, ಅದು ಏದುಸಿರು ಬಿಡ್ತಿದೆ."

ಗರೆನ್ ತನ್ನ ವೇಗದ ಡ್ರೈವ್ ತಂದು ಎಲ್ಲವನ್ನೂ ಅದಕ್ಕೆ ಸಾಗಿಸಿದ. ಕಂಪ್ಯೂಟರ್ ಸ್ವಲ್ಪ ಉಸಿರಾಡಲೆಂದು ಸ್ವರಗಳನ್ನು ಮುಂಚೆಯೇ ತುಂಬಿಟ್ಟುಕೊಳ್ಳುವ ಬಫರ್ ಜಾಗ ಹೆಚ್ಚಿಸಿದ. ಅಷ್ಟರಲ್ಲಿ ಒಂದು ಗಂಟೆ ಕಳೆಯಿತು, ಚಟಪಟ ಸದ್ದೂ ನಿಂತಿತು.

ಆದರೆ ಚೆಲ್ಲೊದ ಒಂದು ಸ್ವರದಲ್ಲಿ ಮಾತ್ರ... ಟಿಕ್.

ಟೆಸ್ಸಾಳ ಕಣ್ಣು ತುಂಬಿತು. "ಇದೊಂದು ಹೋಗಲ್ಲ. ಮೆಮೊರಿ ಹಾಕಿಸ್ದೆ, ಎಲ್ಲಾ ಅಳಿಸಿ ಮತ್ತೆ ಹಾಕ್ದೆ..."

ಗರೆನ್‌ನ ಕಿವಿ ಕೆಂಪಾಯಿತು. "ಅದು ಕಂಪ್ಯೂಟರ್ ತಪ್ಪಲ್ಲ. ನನ್ನ ಕುರ್ಚಿದು."

"ಏನು?"

"ನೀವು ಕೊಂಡುತಂದ ಆ ಚೆಲ್ಲೊ ಸ್ವರಗಳನ್ನ ರೆಕಾರ್ಡಿಂಗ್‌ಗೆ ನುಡಿಸಿದ್ದು ನಾನೇ, ಎರಡು ವರ್ಷದ ಹಿಂದೆ. ಆ ಸ್ವರಕ್ಕೆ ಬಂದಾಗ ಕುರ್ಚಿ ಟಿಕ್ ಅಂತು. ಯಾರೂ ಗಮನಿಸ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ. ಇಷ್ಟು ಚೆಂದದ ರಾಗ ದಿನಕ್ಕೆ ನಲವತ್ತು ಸಲ ನನ್ನಿಂದ ಅಲ್ಲೇ ಮುಗ್ಗರಿಸೋದು ಕೇಳಿ ನಾಚಿಕೆ ಆಗೋಯ್ತು. ಅದಕ್ಕೇ ಚೀಟಿ ಬರೆದೆ."

ಟೆಸ್ಸಾಗೆ ನಗು ತಡೆಯಲಾಗಲಿಲ್ಲ. ವಾರವಿಡೀ ಹಲ್ಲು ಕಡಿದದ್ದು ಇವನ ಮೇಲೆ... ವರ್ಷವಿಡೀ ಮನಸೋತದ್ದೂ ಇವನ ಸ್ವರಕ್ಕೇ! ಆ ಚೆಲ್ಲೊ ಇಲ್ಲದೆ ಅವಳು ಒಂದು ರಾಗವನ್ನೂ ಕಟ್ಟಿರಲಿಲ್ಲ. ಅದನ್ನು ಅವನಿಗೆ ಹೇಳಿಯೂ ಬಿಟ್ಟಳು.

"ಹೋಗಿ, ಚೆಲ್ಲೊ ತಗೊಂಡು ಬನ್ನಿ. ಇಡೀ ರಾಗ ನೀವೇ ನುಡಿಸಿ. ಈ ಸಲ ಕುರ್ಚಿ ನಂದು."

ಮೂರನೇ ಸಲಕ್ಕೆ ಸರಿಯಾಯಿತು. ಐದಕ್ಕೆ ಹತ್ತು ನಿಮಿಷವಿರುವಾಗ ಸಂಗೀತ ಹೋಯಿತು. ಆರಕ್ಕೆ ನಿರ್ದೇಶಕಿಯ ಉತ್ತರ ಬಂತು: 'ಚೆಲ್ಲೊ ಕೇಳಿ ಅತ್ತುಬಿಟ್ಟೆ. ಮುಂದಿನ ಸಿನಿಮಾನೂ ನಿಂದೇ.'

"ಇನ್ನು ಆ ಹಳೇ ಟಿಕ್ ಅಳಿಸಿಬಿಡು," ಎಂದ ಗರೆನ್. ಅಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

"ಊಹೂಂ. ಅದು ನನ್ನ ಹತ್ರನೇ ಇರ್ಲಿ."

ಅವನು ಹೊರಟವನು ಬಾಗಿಲಲ್ಲಿ ನಿಂತ. "ಟೆಸ್ಸಾ... ಚೆಲ್ಲೊ ಇಲ್ಲೇ ಬಿಟ್ಟು ಹೋಗ್ಲಾ?"

ಚೆಲ್ಲೊ ನುಡಿಸುವವರು ಅದನ್ನು ಯಾರ ಮನೆಯಲ್ಲೂ ಬಿಟ್ಟು ಹೋಗುವವರಲ್ಲ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬಿಡು," ಎಂದಳು ಮೆಲ್ಲಗೆ. "ಆದ್ರೆ ನೀನು ಹೋಗ್ಬೇಡ. ಊಟಕ್ಕಿರು."