ಅಜ್ಜಿಯ ಡಬ್ಬಿ, ಗ್ರೀಸಿನ ಕೋಚ್

“ಸಂಮೇದಾ, ಹೊತ್ತು ಮುಳಗಾಕತ್ತೈತಿ. ಉಣ್ಣಾಕ ಬಾ.”

ಸಂಮೇದನ ಅಜ್ಜಿ ಮೈದಾನದ ಗೆರೆಯ ಮೇಲೆಯೇ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದರು. ಎದುರು ಟೀಮಿನ ಬುಧಗಾಂವದ ಹುಡುಗರು ಆಟ ಬಿಟ್ಟು ಡಬ್ಬಿ ನೋಡಿದರು. ಸಂಮೇದನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ತಪ್ಪು ಅವನದೇ. ಚಾತುರ್ಮಾಸದ ಮೊದಲ ದಿನ ಬಸದಿಯಲ್ಲಿ ಅಣ್ಣ ಅರಿಹಂತ, ಒಂದು ತಿಂಗಳು ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ನೇಮ ಹಿಡಿದ. ಸಂಮೇದ ಜಂಬದಿಂದ, “ನಾ ನಾಕೂ ತಿಂಗಳು” ಎಂದುಬಿಟ್ಟ. ಮಳೆಯಿಂದ ಇವತ್ತಿನ ಮ್ಯಾಚು ಸಂಜೆಗೆ ಹೋಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮಿರಜದ ಅವರ ಗಲ್ಲಿಯ ಟೀಮು ಒಂದು ಗೋಲು ಮುಂದಿತ್ತು. ಡಿಫೆಂಡರ್ ಸಂಮೇದ ಹೊರಗೆ ಬಂದರೆ ಅಭಿಜಿತ ಒಳಗೆ. ಬಾಲ್ ಬಂದರೆ ಅಭಿಜಿತ ಕಣ್ಣು ಮುಚ್ಚುತ್ತಾನೆ. ಆದರೂ ಅವನು ಚೆನ್ನಾಗಿ ಆಡಿಬಿಟ್ಟರೆ ತನ್ನ ಜಾಗ ಹೋದಂತೆಯೇ ಎಂದು ಸಂಮೇದನಿಗೆ ಭಯ.

“ಅಜ್ಜೀ, ಇವತ್ತ ಉಪಾಸ ಇರ್ತೇನಿ.”

“ನೀನಾ? ಆಮ್ಯಾಲ ಫ್ರಿಜ್ ಮುಂದ ನಿಂತು ಅಳಾಂವ ನೀನ. ಕುಂದ್ರು.”

“ಹೋಗೋ ಮಾರಾಯಾ,” ಎಂದ ಕ್ಯಾಪ್ಟನ್ ನಿಲೇಶ. “ನಿಮ್ಮಜ್ಜಿ ಸರದ್ರನ ಮ್ಯಾಚು.”

ಸಂಮೇದ ಗೆರೆಯ ಹೊರಗೆ ಕೂತು ಸಿಟ್ಟಿನಿಂದ ಚಪಾತಿ ಮುರಿದ. ಅವನ ಕಪಾಟಿನ ಬಾಗಿಲಿಗೆ ಗ್ರೀಸ್ ದೇಶದ ಡಿಫೆಂಡರ್ ಸ್ಪಿರೋಸನ ಚಿತ್ರವಿತ್ತು. ಸ್ಪಿರೋಸ್ ಹದಿನಾಲ್ಕು ವರ್ಷ ಒಂದೇ ಕ್ಲಬ್ಬಿಗೆ ಆಡಿದ. ಹೊಡೆದದ್ದು ಎರಡೇ ಗೋಲು, ಒಂದು ತನ್ನ ಟೀಮಿನ ಮೇಲೆಯೇ. ಮೊಣಕಾಲು ಕೆಟ್ಟ ಮೇಲೆ ಕೋಚ್ ಆದ. ಕೋಟು ಹಾಕಿಕೊಂಡು ಗೆರೆಯ ಹೊರಗೆ ಕೂಗುವ ಸ್ಪಿರೋಸನ ವಿಡಿಯೋ ಬಂದರೆ ಸಂಮೇದ ಮುಂದೆ ಸರಿಸುತ್ತಿದ್ದ. ಆಡದವನನ್ನು ಏನು ನೋಡುವುದು?

ಎರಡನೇ ಚಪಾತಿಗೆ ಅವನಿಗೊಂದು ವಿಷಯ ಕಂಡಿತು. ಬುಧಗಾಂವದ ಉದ್ದ ಹುಡುಗ ಪ್ರತಿ ಸಲ ಚಡ್ಡಿ ಏರಿಸಿಕೊಂಡು, ಆಮೇಲೆ ಬೇಲಿಯ ಕಡೆಗೇ ಒದೆಯುತ್ತಿದ್ದ. ಒಳಗಿದ್ದಾಗ ಸಂಮೇದ ಬರೀ ಬಾಲ್ ನೋಡಿದ್ದ, ಚಡ್ಡಿ ನೋಡಿರಲಿಲ್ಲ.

ಹೇಳಲೋ ಬೇಡವೋ? ಹೇಳಿದರೆ ಅಭಿಜಿತನಿಗೆ ಹೆಸರು. ಅವನು ಇನ್ನೊಂದು ತುತ್ತು ಬಾಯಿಗೆ ತುರುಕಿಕೊಂಡ. ಉದ್ದ ಹುಡುಗ ಮತ್ತೆ ಬಾಲ್ ಹಿಡಿದು ಬಂದ.

“ಅಭ್ಯಾ, ಅಂವ ಚಡ್ಡಿ ಏರಿಸಿದ ಕೂಡ್ಲೆ ಬ್ಯಾಲಿ ಕಡೆ ಓಡು!”

“ನುಂಗಿ ಒದರೋ,” ಎಂದರು ಅಜ್ಜಿ.

ಬುಧಗಾಂವದವರು ಮರಾಠಿಯವರು, ಕನ್ನಡ ಬಾರದು. ತಿಳಿದದ್ದು ಚಡ್ಡಿ ಒಂದೇ. ನಾಲ್ಕು ಜನ ತಮ್ಮ ತಮ್ಮ ಚಡ್ಡಿ ನೋಡಿಕೊಂಡರು. ಅಭಿಜಿತ ಕಣ್ಣು ಬಿಟ್ಟುಕೊಂಡೇ ಬೇಲಿಯ ಕಡೆ ಓಡಿದ. ಬಾಲ್ ಅವನ ಹೊಟ್ಟೆಗೆ ಬಡಿದು ಹೊರಗೆ ಹೋಯಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ಸಂಮೇದನಿಗೆ ಹೊಟ್ಟೆಕಿಚ್ಚಾಯಿತು. ಖುಷಿಯೂ ಆಯಿತು.

ಡಬ್ಬಿ ಖಾಲಿಯಾಯಿತು. “ಉಂಡ್ಯಾ? ಬಾ ಒಳಗ,” ಎಂದು ನಿಲೇಶ ಕರೆದ.

ಸಂಮೇದ ಎದ್ದ. ಅಭಿಜಿತ ಹೊಟ್ಟೆ ತಿಕ್ಕಿಕೊಳ್ಳುತ್ತ, ತಲೆ ತಗ್ಗಿಸಿ ಆಗಲೇ ಹೊರಗೆ ಬರುತ್ತಿದ್ದ.

“ಅಭ್ಯಾ, ಅಲ್ಲೇ ನಿಲ್ಲು,” ಎಂದು ಸಂಮೇದ ಮತ್ತೆ ಕೂತ. “ಆ ಗಿಡ್ಡನ್ನ ನೋಡ್ಕೋ, ಅಂವ ರಸ್ತೆ ಕಡೆ ಹೋಗ್ತಾನ.”

“ಇಲ್ಲೋ, ನಡುವ ಬರ್ತಾನ,” ಎಂದರು ಅಜ್ಜಿ. “ನಾ ಆಗಿಂದ ನೋಡಾಕತ್ತೇನಿ.”

ಗಿಡ್ಡ ನಡುವೆಯೇ ಬಂದ. ಹೇಗೋ ಮ್ಯಾಚು ಒಂದು-ಸೊನ್ನೆಗೆ ಮುಗಿಯಿತು.

ಮನೆಗೆ ಬಂದು ಸಂಮೇದ ಆ ವಿಡಿಯೋ ಹಾಕಿದ. ಸ್ಪಿರೋಸ್ ಕೂಗುತ್ತಿದ್ದ. ಸಂಮೇದ ಈ ಸಲ ಅವನ ಕಣ್ಣು ಎಲ್ಲಿದೆ ಎಂದು ನೋಡಿದ. ಅದು ಬಾಲಿನ ಮೇಲೆ ಇರಲೇ ಇಲ್ಲ. ಮೈದಾನದಲ್ಲಿ ಹಿಂದೆ, ಡಿಫೆಂಡರ್ ಜಾಗದಲ್ಲಿ ನಿಂತಿದ್ದ ಒಬ್ಬ ಹೊಸ ಹುಡುಗನ ಮೇಲಿತ್ತು. ವಿಡಿಯೋ ಮುಗಿದ ಮೇಲೆ ಸಂಮೇದ ಅದನ್ನು ಮತ್ತೊಮ್ಮೆ ಮೊದಲಿನಿಂದ ಹಾಕಿದ.